ಎಮ್ಮೆಯನ್ನು ತಿಂದ ಸ್ಕೂಟರು

ನಮ್ಮೂರ ಚೆನ್ನವೀರನ ಕೊಟ್ಟಿಗೆಯಲ್ಲಿ ನಲವತ್ತು ವರ್ಷದ ಹಳೇ ಸ್ಕೂಟರೊಂದು ಎಮ್ಮೆಯ ಪಕ್ಕದಲ್ಲೇ ನಿಲ್ಲುತ್ತಿತ್ತು. ದಿನಾ ಆ ಎಮ್ಮೆಯ ಹಾಲನ್ನು ಡೇರಿಗೆ ಹೊರುವುದೇ ಅದರ ಕೆಲಸ.

“ಲೋ, ಹೋದ ತಿಂಗಳು ಕಾರ್ಬುರೇಟರು, ಈ ತಿಂಗಳು ಕ್ಲಚ್ಚು! ನನ್ನ ಹಿಂಡಿಯ ದುಡ್ಡೆಲ್ಲ ನಿನ್ನ ಹೊಟ್ಟೆಗೇ ಹೋಯ್ತಲ್ಲೋ! ಹಾಲು ಕೊಡೋಳು ನಾನು, ಮೇಯೋನು ನೀನು, ನಾಚಿಕೆ ಆಗಲ್ವಾ?” ಎಂದು ಎಮ್ಮೆ ಗುಡುಗಿತು.

“ನನ್ನಂಥ ಗಾಡಿ ಸುತ್ತೇಳು ಹಳ್ಳಿಯಲ್ಲಿಲ್ಲ. ಜನ ನನ್ನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ತಾರೆ. ನಿನ್ನ ಪಕ್ಕ ಯಾರೇ ನಿಲ್ತಾರೆ?” ಎಂದಿತು ಸ್ಕೂಟರು.

ಮರುವಾರ ಅದರ ಇಂಜಿನ್ನೇ ಕೈಕೊಟ್ಟಿತು. ಚೆನ್ನವೀರ ಎಮ್ಮೆಯನ್ನು ಮಾರಿ ರಿಪೇರಿ ಮಾಡಿಸಿದ.

ಒಂದೇ ಕಿಕ್ಕಿಗೆ ಸ್ಟಾರ್ಟಾದ ಸ್ಕೂಟರು ಬೀಗುತ್ತ ಕೇಳಿತು: “ಹತ್ತಿ ಯಜಮಾನ್ರೇ, ಡೇರಿಗೆ ಹೊತ್ತಾಯ್ತು. ಹಾಲೆಲ್ಲಿ?”