ಅಜ್ಜಿ ಹಿಡಿದ ಹುಟ್ಟು

“ಗುರುಗಳೇ, ಎದೆಯಲ್ಲಿ ಹೆದರಿಕೆ ಇಟ್ಟುಕೊಂಡವನು ದೇವರನ್ನು ನಂಬಿದ್ದೇನೆ ಎಂದು ಹೇಳಬಹುದೇ?” ಎಂದು ಚೌರಪ್ಪ ಕೇಳಿದ.

ಮರುದಿನ ಅವನು ಗುರುಮನೆ ಬಿಟ್ಟು, ಗುರುತಿನವರು ಒಬ್ಬರೂ ಇಲ್ಲದ ಊರಿಗೆ ಹೊರಡಬೇಕಿತ್ತು. ಅಲ್ಲಿನ ಪುಟ್ಟ ಕ್ರೈಸ್ತ ಸಭೆಗೆ ಬೈಬಲಿನ ವಾಕ್ಯ ಹೇಳುವ ಉಪದೇಶಿ ಇರಲಿಲ್ಲ, ಆ ಕೆಲಸಕ್ಕೆ ಇವನನ್ನು ಗೊತ್ತುಮಾಡಿದ್ದರು. ಬೆಳಗಿನಿಂದ ಚೌರಪ್ಪ ಬಟ್ಟೆಯ ಗಂಟು ಕಟ್ಟುತ್ತಿದ್ದ, ಬಿಚ್ಚುತ್ತಿದ್ದ. “ವಾಕ್ಯಗಳೆಲ್ಲ ಬಾಯಿಗೆ ಬರುತ್ತವೆ, ಎದೆ ಮಾತ್ರ ಡವಗುಟ್ಟುತ್ತಲೇ ಇದೆ. ಇಂಥವನು ಹೋಗಿ ಭಯಪಡಬೇಡಿ ಎಂದರೆ ಜನ ನಗುವುದಿಲ್ಲವೇ? ನಾನು ಹೋಗದಿರುವುದೇ ಒಳ್ಳೆಯದು” ಎಂದ.

ಗುರು ರಾಯಪ್ಪನವರಿಗೆ ನೇರವಾಗಿ ಉತ್ತರ ಕೊಡುವ ಅಭ್ಯಾಸವೇ ಇರಲಿಲ್ಲ. “ಗಂಟನ್ನು ಪಕ್ಕಕ್ಕಿಟ್ಟು ಕೂತುಕೋ” ಎಂದು ಕತೆ ಶುರುಮಾಡಿದರು.

ಒಬ್ಬಳು ಅಜ್ಜಿ ಇದ್ದಳು. ಅವಳ ಮಗಳನ್ನು ಹೊಳೆಯಾಚೆಯ ಊರಿಗೆ ಕೊಟ್ಟಿತ್ತು. ಅಜ್ಜಿಗೆ ನೀರೆಂದರೆ ಪ್ರಾಣಭಯ. ಹರಿಗೋಲು ಹತ್ತಬೇಕಾದೀತೆಂದು ಮಗಳ ಮನೆಯ ಹೊಸ್ತಿಲನ್ನೇ ತುಳಿದವಳಲ್ಲ. ಮದುವೆಯಾಗಿ ಎಷ್ಟೋ ವರ್ಷಕ್ಕೆ ಮಗಳ ಮಡಿಲು ತುಂಬಿತು. ಆ ಊರ ಚರ್ಚಿನಲ್ಲಿ ಮಗುವಿಗೆ ದೀಕ್ಷಾಸ್ನಾನ ಕೊಡುವ ದಿನ ಗೊತ್ತಾಯಿತು. “ಕೂಸನ್ನು ಎತ್ತಿಕೊಂಡು ಸ್ವಾಮಿಗಳ ಮುಂದೆ ನಿಲ್ಲೋಳು ನಮ್ಮವ್ವನೇ ಆಗಬೇಕು” ಎಂದು ಮಗಳು ಹೇಳಿಕಳಿಸಿದಳು. ಹೆದರಿಕೆ ಒಂದು ಕಡೆ ಎಳೆಯಿತು, ಮೊಮ್ಮಗಳು ಒಂದು ಕಡೆ ಎಳೆದಳು. ಮೊಮ್ಮಗಳೇ ಗೆದ್ದಳು. ಅಜ್ಜಿ ಹೊಸ ಸೀರೆ ಉಟ್ಟು ಹೊಳೆದಂಡೆಗೆ ಬಂದಳು.

ಚರ್ಚು ಆಚೆ ದಡದಲ್ಲಿ, ಕಣ್ಣೆದುರಿಗೇ ಕಾಣುತ್ತಿತ್ತು. ಆದರೆ ಅಂಬಿಗನು ಹರಿಗೋಲನ್ನು ತಲೆಯ ಮೇಲೆ ಕವುಚಿಕೊಂಡು, ದಡ ಹಿಡಿದು ಮೇಲಕ್ಕೆ ನಡೆಯತೊಡಗಿದ.

“ಅಯ್ಯೋ, ಚರ್ಚು ಇಲ್ಲೇ ಎದುರಿಗೆ ಅದೆಯಲ್ಲೋ ಮಗ! ಎತ್ತಲಾಗೆ ಓಯ್ತಿದ್ದೀಯ?”

“ಒಳೆ ನಮ್ಮನ್ನ ಕೆಳಕ್ಕೆ ಎಳೀತದೆ ಕನಜ್ಜಿ. ಇಲ್ಲಿಂದ ಬುಟ್ರೆ ಚರ್ಚು ಸಿಕ್ಕಲ್ಲ, ಮುಂದಿನ ಊರು ಸಿಕ್ತದೆ. ಬಾ.”

ಅಜ್ಜಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಆದರೂ ಹಿಂದೆ ಹೋದಳು. ಚರ್ಚು ದೂರವಾಗುತ್ತ ಹೋಯಿತು. ಒಂದು ಕಡೆ ಅಂಬಿಗ ಹರಿಗೋಲನ್ನು ನೀರಿಗಿಳಿಸಿ ಅವಳನ್ನು ಕೂರಿಸಿಕೊಂಡ.

ನಡುಹೊಳೆಯಲ್ಲಿ ಹರಿಗೋಲು ಗಿರ್ರನೆ ತಿರುಗಿತು. ತಿರುಗುವುದು ಅದರ ಗುಣ, ಅಂಬಿಗನಿಗೆ ಅದು ದಿನದ ಆಟ. ಅಜ್ಜಿಗೆ ಗೊತ್ತಿದ್ದದ್ದು ಒಂದೇ: ಮುಂದೆ ಇದ್ದ ಚರ್ಚು ಬೆನ್ನ ಹಿಂದಕ್ಕೆ ಹೋಗಿತ್ತು. ಅಷ್ಟರಲ್ಲಿ ದೀಕ್ಷಾಸ್ನಾನಕ್ಕೆ ಕರೆಯುವ ಚರ್ಚಿನ ಗಂಟೆ ಹೊಡೆಯಿತು. ಇವನು ದಾರಿ ತಪ್ಪಿದ, ಕೂಸು ಕೈತಪ್ಪಿತು ಎಂದುಕೊಂಡಳು. ಅವಳು ಹರಿಗೋಲಿನ ಅಂಚು ಹಿಡಿಯಬಹುದಿತ್ತು, ಅಂಬಿಗನ ಪಂಚೆ ಹಿಡಿಯಬಹುದಿತ್ತು. ಅದೆಲ್ಲ ಬಿಟ್ಟು, ಅವನು ನೀರು ತಳ್ಳುತ್ತಿದ್ದ ಹುಟ್ಟನ್ನೇ ಎರಡೂ ಕೈಯಲ್ಲಿ ತಬ್ಬಿ ಹಿಡಿದಳು. ಚರ್ಚಿನ ಕಡೆಗೆ ತಾನೇ ತಿರುಗಿಸುತ್ತೇನೆಂದು ಹಟ ಹಿಡಿದಳು. ಹರಿಗೋಲು ಸೆಳವಿಗೆ ಸಿಕ್ಕಿ ಕೆಳಕ್ಕೆ ಜಾರಿತು.

ಅಂಬಿಗನಿಗೆ ಕೋಪ ಬರಲಿಲ್ಲ, ನಗು ಬಂತು. “ಎದರ್ಕೋ ಅಜ್ಜಿ, ಬೇಡ ಅನ್ನಲ್ಲ. ಬೇಕಾದ್ರೆ ಕಿರುಚ್ಕೋ. ಹುಟ್ಟು ಮಾತ್ರ ನಂಗೆ ಬುಡು.”

ಅಜ್ಜಿ ಅವನ ಮುಖ ನೋಡಿದಳು. ಕೈ ಸಡಿಲಿಸಿದಳು. ಆಮೇಲೆ ಕಣ್ಣು ಮುಚ್ಚಿಕೊಂಡು, “ಕರ್ತನೇ, ಕರ್ತನೇ” ಎಂದು ಹೊಳೆಯ ಮೀನೆಲ್ಲ ಎದ್ದು ಕೂರುವ ಹಾಗೆ ಕಿರುಚಿದಳು. ಆ ಕೂಗು ಚರ್ಚಿನೊಳಗೂ ಕೇಳಿಸಿತು. ಮಗಳು ಅದನ್ನು ಕೇಳಿ ನಗುತ್ತ ಅಳುತ್ತ, “ಬಂದಳು ನಮ್ಮವ್ವ, ಸ್ವಾಮಿ, ಸ್ವಲ್ಪ ತಡೀರಿ” ಎಂದಳು.

ಅಜ್ಜಿ ಹುಟ್ಟು ಹಿಡಿದಿದ್ದ ಹೊತ್ತಿಗೆ ದಂಡ ತೆರಲೇಬೇಕಾಯಿತು. ಹರಿಗೋಲು ಚರ್ಚಿನ ಮೆಟ್ಟಿಲಿಗೆ ಬದಲು, ಕೆಳಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮುಟ್ಟಿತು. ಅಜ್ಜಿ ಒದ್ದೆ ಸೀರೆ ಎತ್ತಿಕಟ್ಟಿ ಓಡಿದಳು. ನಡುಗುವ ಕೈಯಲ್ಲೇ ಮೊಮ್ಮಗಳನ್ನು ಎತ್ತಿಕೊಂಡಳು. ಆ ನಡುಕ ಕೂಸಿಗೆ ತೊಟ್ಟಿಲು ತೂಗಿದಂತೆ ಆಯಿತೋ ಏನೋ, ತಲೆಗೆ ನೀರು ಬಿದ್ದರೂ ಅಳದೆ ನಿದ್ದೆಹೋಯಿತು. ಅಜ್ಜಿಗೆ ಆದ ಸಂತೋಷವನ್ನು ಹೇಳಲು ನನ್ನ ಹತ್ತಿರ ಮಾತಿಲ್ಲ.

ಚೌರಪ್ಪ ಮನಸಾರೆ ನಕ್ಕ. ನಗು ನಿಂತ ಮೇಲೆ ಮತ್ತೆ ಅದನ್ನೇ ಹಿಡಿದ. “ಅವಳ ಹೆದರಿಕೆ ಕೊನೆಗೂ ಹೋಗಲಿಲ್ಲವಲ್ಲ ಗುರುಗಳೇ. ಅವಳು ನಂಬಿದಳು ಎನ್ನುವುದು ಹೇಗೆ?”

ರಾಯಪ್ಪನವರು ಬಟ್ಟೆಯ ಗಂಟನ್ನು ಎತ್ತಿ ಅವನ ಮಡಿಲಲ್ಲಿ ಇಟ್ಟರು.

“ದಡ ಮುಟ್ಟುವವರೆಗೂ ಅವಳು ಕಿರುಚುವುದನ್ನು ಬಿಡಲಿಲ್ಲ ಚೌರಪ್ಪ, ಆದರೆ ಹುಟ್ಟನ್ನು ಮತ್ತೆ ಮುಟ್ಟಲಿಲ್ಲ.”