ಉಳಿದ ಎರಡು ಪಾಲು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದವನಿಗೂ ಪಾಪ ಅಂಟುತ್ತದೆಯೇ?"

ಗುರುಗಳು ಒಂದು ಕತೆ ಹೇಳಿದರು.

ಜಪಾನ್ ದೇಶದ ಉತ್ತರದಲ್ಲಿ, ಹಿಮ ಬೀಳುವ ಬೆಟ್ಟಗಳ ನಡುವೆ ಒಂದು ಹಳ್ಳಿ. ಅಲ್ಲಿ ತೊಮೆ ಎಂಬ ಹೆಂಗಸಿದ್ದಳು. ಪಕ್ಕದ ಮನೆಯವಳು ಶಿನೊ. ಇಬ್ಬರಿಗೂ ಒಂದೇ ತವರೂರು, ಒಂದೇ ಓಣಿಗೆ ಸೊಸೆಯರಾಗಿ ಬಂದವರು. ತೊಮೆ ವಯಸ್ಸಿನಲ್ಲಿ ಹಿರಿಯಳು, ಶಿನೊ ಅವಳನ್ನು ಅಕ್ಕ ಎನ್ನುತ್ತಿದ್ದಳು. ಒಬ್ಬಳ ಒಲೆಯ ಕೆಂಡ ಇನ್ನೊಬ್ಬಳ ಒಲೆಗೆ ಹೋಗುತ್ತಿತ್ತು. ಶಿನೊಗೆ ಮಕ್ಕಳಿರಲಿಲ್ಲ. ತೊಮೆಯ ಮಗಳು ಕಿನು ಹುಟ್ಟಿದಾಗ ಮೊದಲು ಮಡಿಲಿಗೆ ತೆಗೆದುಕೊಂಡವಳು ಅವಳೇ.

ಆ ಹಳ್ಳಿಯ ಮನೆಗಳಿಗೆಲ್ಲ ಹುಲ್ಲಿನ ಸೂರು. ಹುಲ್ಲು ಬೆಳೆಯುವ ಗುಡ್ಡ ಇಡೀ ಊರಿಗೆ ಸೇರಿದ್ದು. ಊರ ಯಜಮಾನ ಗೊತ್ತು ಮಾಡಿದ ದಿನಕ್ಕೆ ಮೊದಲು ಅಲ್ಲಿ ಯಾರೂ ಕುಡುಗೋಲು ಆಡಿಸುವಂತಿರಲಿಲ್ಲ. ಒಂದು ವರ್ಷ ಶಿನೊಳ ಗಂಡ ಕಿಸುಕೆ ಆ ದಿನಕ್ಕೆ ಕಾಯಲಿಲ್ಲ. ಅವನ ತಾಯಿ ಕಾಯಿಲೆ ಬಿದ್ದು ಮಲಗಿದ್ದಳು, ಅವಳ ಹಾಸಿಗೆಯ ಮೇಲೆಯೇ ಸೂರು ಸೋರುತ್ತಿತ್ತು. ಕಿಸುಕೆ ಒಂದು ಹೊರೆ ಹುಲ್ಲು ಕೊಯ್ದು ತಂದು ಸೋರುವ ಕಡೆ ಹೊದಿಸಿದ. ತಾಯಿ ಉಳಿಯಲಿಲ್ಲ. ಹಳೆಯ ಸೂರಿನ ಮೇಲಿನ ಹಸಿ ಹುಲ್ಲು ಮಾತ್ರ ಎಲ್ಲರ ಕಣ್ಣಿಗೆ ಬಿತ್ತು.

ಊರು ಕೂಡಿತು. "ಇವನೊಬ್ಬನಿಗೆ ಬಿಟ್ಟರೆ ನಾಳೆ ಗುಡ್ಡವೇ ಬೋಳಾಗುತ್ತದೆ" ಎಂದ ಯಜಮಾನ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಯಾರೂ ಎದುರಾಡಲಿಲ್ಲ. ತೊಮೆಯ ಗಂಡನೂ ಹೂಂ ಎಂದ. ಕಿಸುಕೆಯ ಮನೆಗೆ ಬಹಿಷ್ಕಾರ ಬಿತ್ತು.

ಬಹಿಷ್ಕಾರಕ್ಕೆ ಅಲ್ಲಿ ಒಂದು ಲೆಕ್ಕವಿತ್ತು. ನೆರೆಹೊರೆಯವರು ಒಬ್ಬರಿಗೊಬ್ಬರು ಆಗುವುದನ್ನು ಹತ್ತು ಪಾಲು ಎನ್ನುತ್ತಿದ್ದರು. ಅದರಲ್ಲಿ ಎಂಟು ಪಾಲು ಕಡಿದುಹಾಕುತ್ತಿದ್ದರು. ಮದುವೆಗೆ ಬರುವುದಿಲ್ಲ, ಬಾಣಂತನಕ್ಕೆ ಬರುವುದಿಲ್ಲ, ಕಾಯಿಲೆಗೆ ಬರುವುದಿಲ್ಲ. ಎದುರಿಗೆ ಸಿಕ್ಕರೆ ಮಾತೂ ಇಲ್ಲ. ಎರಡು ಪಾಲು ಮಾತ್ರ ಉಳಿಸುತ್ತಿದ್ದರು. ಬೆಂಕಿ ಬಿದ್ದರೆ ಬರುತ್ತಿದ್ದರು, ಏಕೆಂದರೆ ಬೆಂಕಿ ಪಕ್ಕದ ಸೂರಿಗೂ ಹಬ್ಬುತ್ತದೆ. ಸಾವಾದರೆ ಬರುತ್ತಿದ್ದರು, ಏಕೆಂದರೆ ಹೆಣ ಹಾಗೇ ಉಳಿದರೆ ಊರಿಗೇ ಕೇಡು.

ತೊಮೆ ನಿಯಮ ಪಾಲಿಸಿದಳು. ಶಿನೊ ಹಳ್ಳಕ್ಕೆ ಬಂದರೆ ಇವಳು ಅರೆ ಒಗೆದ ಬಟ್ಟೆ ಎತ್ತಿಕೊಂಡು ಹೊರಟುಬಿಡುತ್ತಿದ್ದಳು. ಮೊದಮೊದಲು ಎದೆ ಚುರುಕ್ ಎನ್ನುತ್ತಿತ್ತು. ಆಮೇಲೆ ರೂಢಿಯಾಯಿತು. ರೂಢಿಯಾದದ್ದು ನೋಯುವುದಿಲ್ಲ.

ಕೆಲವು ವರ್ಷ ಹೀಗೇ ಕಳೆಯಿತು. ಒಂದು ಸುಗ್ಗಿಯಲ್ಲಿ ಕಿಸುಕೆ ಜ್ವರ ಬಂದು ಸತ್ತ. ಊರಿಗೆ ಊರೇ ಬಂತು. ಗಂಡಸರು ಕುಣಿ ತೋಡಿದರು, ಹೆಂಗಸರು ಅಡುಗೆಮನೆ ಹೊಕ್ಕರು. ಸಾವಿನ ಕೆಲಸದ ಮಾತನ್ನು ಆ ದಿನ ಆಡಬಹುದಾಗಿತ್ತು.

"ಅಕ್ಕಾ, ಅನ್ನಕ್ಕೆ ಇಷ್ಟು ನೀರು ಸಾಕೇ?" ಎಂದು ಕೇಳಿದಳು ಶಿನೊ.

"ಸಾಕು."

"ಮೂಲಂಗಿ ಇನ್ನಷ್ಟು ಹೆಚ್ಚಲೇ, ಅಕ್ಕಾ?"

"ಹೆಚ್ಚು."

ತೊಮೆ ತಲೆಯೆತ್ತಿ ನೋಡಿದಳು. ಗಂಡ ಸತ್ತ ದಿನ ಶಿನೊ ಅಳುತ್ತಿರಲಿಲ್ಲ. ಬಹಳ ದಿನ ಬಾಯಾರಿದವಳು ಗುಟುಕು ಗುಟುಕಾಗಿ ನೀರು ಕುಡಿಯುವಂತೆ ಒಂದೊಂದೇ ಮಾತನ್ನು ಕೇಳಿ ಪಡೆಯುತ್ತಿದ್ದಳು. ಸಂಜೆಗೆ ಪಾತ್ರೆ ತೊಳೆದಿಟ್ಟು ಎಲ್ಲರೂ ಹೊರಟರು. ಮರುದಿನ ಹಳ್ಳದಲ್ಲಿ ಶಿನೊ "ಅಕ್ಕಾ" ಎಂದಳು. ತೊಮೆ ಕೇಳಿಸದವಳಂತೆ ಬಟ್ಟೆ ಹಿಂಡಿಕೊಂಡು ನಡೆದಳು.

ಹಿಮ ಬೀಳತೊಡಗಿತು. ಒಂದು ಬೆಳಿಗ್ಗೆ ಶಿನೊಳ ಸೂರಿಗೆ ಬೆಂಕಿ ಬಿತ್ತು. ಗಂಟೆ ಹೊಡೆದರು. ಊರವರು ಓಡಿಬಂದು, ಹಳ್ಳದ ಮೇಲೆ ಹೆಪ್ಪುಗಟ್ಟಿದ್ದ ನೀರು ಒಡೆದು, ಸಾಲಾಗಿ ನಿಂತು ಕೈಯಿಂದ ಕೈಗೆ ನೀರು ಸಾಗಿಸಿದರು. ಸಾಲಿನಲ್ಲಿ ತೊಮೆಯ ಪಕ್ಕಕ್ಕೆ ಶಿನೊ ನಿಂತಿದ್ದಳು. ಬಕೆಟ್ ಕೊಡುವಾಗ ಬೆರಳಿಗೆ ಬೆರಳು ತಾಗುತ್ತಿತ್ತು. ಅವಳ ಮುಖವೆಲ್ಲ ಮಸಿ. ಆ ಮಸಿಯೊಳಗೆ ನಗು.

ತೊಮೆ ದೃಷ್ಟಿ ತಪ್ಪಿಸಿ ಅಂಗಳದ ಕಡೆ ನೋಡಿದಳು. ಮರದ ಬುಡದಲ್ಲಿ ಹಾಸಿಗೆ ಮಡಿಸಿಟ್ಟಿತ್ತು. ಅದರ ಮೇಲೆ, ಸತ್ತ ಗಂಡನ ಹೆಸರು ಕೆತ್ತಿದ ಪೂಜೆಯ ಹಲಗೆ ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ತಾನಾಗಿ ಹತ್ತಿದ ಬೆಂಕಿ ಹಾಸಿಗೆ ಮಡಿಸುವಷ್ಟು ಪುರುಸೊತ್ತು ಕೊಡುವುದಿಲ್ಲ. ತೊಮೆಗೆ ಎಲ್ಲ ಅರ್ಥವಾಯಿತು.

"ಅಕ್ಕಾ, ನಮ್ಮ ಕಿನು ಹೇಗಿದ್ದಾಳೆ?" ಎಂದಳು ಶಿನೊ.

ಅಷ್ಟರಲ್ಲಿ "ಆರಿತು!" ಎಂದು ಯಾರೋ ಕೂಗಿದರು. ಅರ್ಧ ಸೂರು ಉಳಿದಿತ್ತು. ತೊಮೆ ಬಾಯಿ ತೆರೆದಳು. ಯಜಮಾನ ಇತ್ತಲೇ ನೋಡುತ್ತಿದ್ದ. ಬೆಂಕಿ ಆರಿದ ಮೇಲೆ ಮಾತಿಗೆ ಕಾರಣವಿರಲಿಲ್ಲ. ಅವಳು ಬಕೆಟ್ ಕೆಳಗಿಟ್ಟು ಮನೆಗೆ ಹೋದಳು. ಕಂಡದ್ದನ್ನು ಯಾರಿಗೂ ಹೇಳಲಿಲ್ಲ. ಹೇಳದೆ ಶಿನೊಗೆ ಉಪಕಾರ ಮಾಡಿದೆನೆಂದುಕೊಂಡಳು.

ಊರು ಆ ಮನೆಗೆ ಬರಲು ಇನ್ನು ಒಂದೇ ಕಾರಣ ಉಳಿದಿತ್ತು.

ಹಿಮ ಕರಗುವ ಮೊದಲೇ ಶಿನೊ ಸತ್ತಳು. ಒಲೆ ತಣ್ಣಗಿತ್ತು, ಪಕ್ಕದಲ್ಲಿ ಸೌದೆಯ ರಾಶಿ ಹಾಗೇ ಇತ್ತು. ಬಾಗಿಲಿನಿಂದ ಓಣಿಯವರೆಗೆ ಹಿಮವನ್ನು ಸರಿಸಿ, ನಡೆದುಬರಲು ದಾರಿ ಮಾಡಿದ್ದಳು. ಊರಿಗೆಲ್ಲ ಸಾಲುವಷ್ಟು ಬಟ್ಟಲು ತೊಳೆದು ಬೋರಲು ಹಾಕಿದ್ದಳು.

ಊರು ಬಂತು. ಯಾವುದಕ್ಕೂ ಕಡಿಮೆಯಾಗದಂತೆ ಎಲ್ಲವನ್ನೂ ಮಾಡಿತು. ಹೆಣಕ್ಕೆ ಸ್ನಾನ ಮಾಡಿಸಲು ತೊಮೆ ಕುಳಿತಳು. ತಲೆ ತೊಳೆಯುತ್ತ ತೊಳೆಯುತ್ತ ಮಾತಿಗೆ ಶುರುವಿಟ್ಟಳು.

"ಕಿನುಗೆ ಗಂಡು ಗೊತ್ತಾಗಿದೆ ಕಣೇ, ಶಿನೊ. ಒಳ್ಳೆಯ ಹುಡುಗ, ಸ್ವಲ್ಪ ತೊದಲು. ಇವಳಿಗೆ ಹಟ ಜಾಸ್ತಿ, ನಿನಗೇ ಗೊತ್ತಲ್ಲ. ತವರಿನಲ್ಲಿ ನಮ್ಮ ಹಳೆ ಬಾವಿ ಬತ್ತಿತಂತೆ..."

ವರ್ಷಗಳ ಮಾತು. ಒಂದಾದ ಮೇಲೊಂದು ಬರುತ್ತಲೇ ಇತ್ತು. ಉಳಿದ ಹೆಂಗಸರು ಗೋಡೆ ನೋಡುತ್ತ ಕುಳಿತರು. ಯಾರೂ ತಡೆಯಲಿಲ್ಲ. ಸಾವಿನ ದಿನ ಮಾತಾಡಬಹುದಾಗಿತ್ತು. ಹೊರುವವರು ಬಂದಾಗ ತೊಮೆ ಹೆಣದ ಕೈ ಹಿಡಿದುಕೊಂಡು, "ಒಂದಿಷ್ಟು ತಾಳಿ, ಇನ್ನೂ ಹೇಳುವುದಿದೆ" ಎಂದಳು. ಅವರು ಬಾಗಿಲಲ್ಲಿ ತಾಳಿದರು. ಹೊತ್ತು ಇಳಿಯಿತು. ಕೊನೆಗೆ ಅವಳ ಬೆರಳುಗಳನ್ನು ಬಿಡಿಸಿ ಎತ್ತಿಕೊಂಡು ಹೋದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಆ ಊರಿನವರಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲವೇ, ಗುರುಗಳೇ?" ಎಂದ.

"ಯಾರಿಗೆ ಕೊಡುವುದು? ಆ ಚಳಿಗಾಲ ಆ ಊರಿನಲ್ಲಿ ನಿಯಮ ಮುರಿದವಳು ಶಿನೊ ಒಬ್ಬಳೇ."