ತಿಪ್ಪೇಶ ಅಡುಗೆಗೆ ನಿಂತದ್ದು

ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಹಿಂದಿನ ಬೀದಿಯಲ್ಲಿ ಓಬಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ತಿಪ್ಪೇಶ. ಹುಡುಗ ಒಳ್ಳೆಯವನೇ. ಸುಳ್ಳು ಹೇಳುವವನಲ್ಲ, ಎದುರು ಮಾತಾಡುವವನಲ್ಲ. ಅವ್ವ ಏನು ಹೇಳಿದರೆ ಅದನ್ನೇ ಮಾಡುವವನು. ಅದೇ ಅವಳ ಕಷ್ಟ.

"ಬಾಯಿ ಮುಚ್ಕೊಂಡು ಉಣ್ಣೋ" ಅಂದರೆ ಬಾಯಿ ಮುಚ್ಚಿಕೊಂಡು ತಟ್ಟೆ ಮುಂದೆ ಕೂತುಬಿಡುವನು. ತುತ್ತು ಹೋಗುವುದೆಲ್ಲಿಂದ?

"ಇವನನ್ನ ಕಟ್ಕೊಂಡು ನಾನೇನಪ್ಪಾ ಮಾಡಲಿ!" ಅಂತ ಓಬಮ್ಮ ದಿನಕ್ಕೊಂದು ಸಲ ಹಣೆ ಬಡಿದುಕೊಳ್ಳುವಳು. ಹೀಗಿರುವಾಗ ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದು ಅವಳು ಬಲಗೈ ಮುರಿದುಕೊಂಡಳು. ಹಣೆ ಬಡಿದುಕೊಳ್ಳೋಕೂ ಕೈ ಇಲ್ಲದಂತಾಯಿತು. ಗಂಡ ಪಾಲಯ್ಯ ಹೊತ್ತು ಮುಳುಗೋ ವೇಳೆಗೆ ಮಿಲ್ಲಿನಿಂದ ಹಸಿದು ಬರುವನು. ಅಡುಗೆಮನೆಯಲ್ಲಿ ಅವನಿಗೆ ಗೊತ್ತಿದ್ದದ್ದು ನೀರಿನ ಕೊಡ ಒಂದೇ.

ಓಬಮ್ಮ ಮಗನನ್ನು ಕರೆದಳು. "ಕೈ ಕೂಡೋ ತನಕ ರಾತ್ರಿ ಊಟಕ್ಕೆ ಸುಲಭದ್ದೇನಾದ್ರೂ ಮಾಡ್ಕೊಳ್ಳಾಣ. ನಾನು ಹೇಳ್ತಾ ಹೋಗ್ತೀನಿ, ನೀನು ಮಾಡ್ತಾ ಹೋಗು."

"ಹೂಂ ಕಣವ್ವ!" ಅಂದ ತಿಪ್ಪೇಶ. ಅವನಿಗೆ ಖುಷಿಯೋ ಖುಷಿ.

ಮೊದಲನೇ ದಿನ ಹಾಲು, ಬೆಲ್ಲ, ಅವಲಕ್ಕಿ. ಒಲೆ ಮೇಲೆ ಹಾಲಿಟ್ಟು ಓಬಮ್ಮ ಹೇಳಿದಳು, "ಹಾಲು ಉಕ್ಕುತ್ತೆ, ನೋಡ್ತಾ ಇರು." ತಿಪ್ಪೇಶ ಕಣ್ಣು ಮಿಟುಕಿಸದೆ ನೋಡುತ್ತಾ ನಿಂತ. ಹಾಲು ಬಿಸಿಯಾಯಿತು, ನೋಡಿದ. ಮೇಲೆ ಬಂತು, ನೋಡಿದ. ಉಕ್ಕಿ ಒಲೆಯೆಲ್ಲಾ ಹರಿಯಿತು, ಅದನ್ನೂ ನೋಡಿದ.

"ಅಯ್ಯಯ್ಯೋ! ಏನ್ ಮಾಡ್ತಿದ್ದೆ ಇಲ್ಲಿ?"

"ನೋಡ್ತಾ ಇದ್ದೆ ಕಣವ್ವ. ನೀನು ಹೇಳಿದಂಗೇ ಉಕ್ಕಿತು!"

"ಪೆದ್ದಮುಂಡೇದೆ! ಉಕ್ಕಿ ಬಂದ ತಕ್ಷಣ ತಣ್ಣೀರು ಹಾಕಬೇಕು! ಆಗ ಇಳೀತದೆ."

"ಹೂಂ ಕಣವ್ವ. ಉಕ್ಕಿ ಬಂದ್ರೆ ತಣ್ಣೀರು."

ಆ ರಾತ್ರಿ ಅವಲಕ್ಕಿಯನ್ನು ನೀರಲ್ಲೇ ನೆನೆಸಿ, ಬೆಲ್ಲ, ಕಡಲೆಬೀಜ ಬೆರೆಸಿ ತಿಂದರು. ಪಾಲಯ್ಯ ಪರವಾಗಿಲ್ಲ ಅಂದ.

ಮಾರನೇ ದಿನ ಪಾಲಯ್ಯನ ಅಕ್ಕ ಮಾರಕ್ಕ ಹಿರಿಯೂರಿಂದ ಬಂದಳು. ಮಾರಕ್ಕ ಒಂದು ಮನೆ ಹೊಕ್ಕಳೆಂದರೆ ಅಲ್ಲಿನ ಉಪ್ಪಿನ ಡಬ್ಬಿ ಕೂಡ ಜಾಗ ಬದಲಾಯಿಸಬೇಕು. ನಡುಮನೆಯಲ್ಲಿ ಕೂತವಳೇ ಸೆರಗು ಕಣ್ಣಿಗೆ ಒತ್ತಿಕೊಂಡಳು. "ನನ್ನ ತಮ್ಮ ನೀರವಲಕ್ಕಿ ತಿನ್ನೋ ಹಂಗಾಯ್ತಲ್ಲೇ ಓಬಮ್ಮ! ನೆನೆಸ್ಕೊಂಡ್ರೆ ದುಃಖ ಉಕ್ಕಿ ಉಕ್ಕಿ ಬರ್ತದೆ ಕಣೇ!"

ಬಾಗಿಲಲ್ಲಿ ನಿಂತಿದ್ದ ತಿಪ್ಪೇಶನ ಕಿವಿ ನೆಟ್ಟಗಾಯಿತು. ಉಕ್ಕಿ ಬಂತು! ಓಡಿದ, ಚೊಂಬು ತುಂಬಿದ, ತಂದು ಅತ್ತೆಯ ನೆತ್ತಿ ಮೇಲೆ ಸುರಿದ. ದುಃಖ ಇಳಿಯಿತೋ ಇಲ್ಲವೋ, ನೀರಂತೂ ಸೊಂಟದ ತನಕ ಇಳಿಯಿತು.

"ಇವನ ಕೈಲಿ ಅಡುಗೆ ಮಾಡಿಸ್ತೀಯಾ ನೀನು?" ಅಂತ ಮಾರಕ್ಕ ಸೀರೆ ಹಿಂಡುತ್ತಾ ಕೂಗಾಡಿದಳು. "ಭಾನುವಾರ ಊಟಕ್ಕೆ ಬರ್ತೀನಿ, ಗಂಟು ಕಟ್ಕೊಂಡೇ ಬರ್ತೀನಿ. ಊಟ ಮನುಷ್ಯರು ಉಣ್ಣೋ ಹಂಗಿದ್ರೆ ಸರಿ. ಇಲ್ಲಾಂದ್ರೆ ನಿನ್ನ ಕೈ ಕೂಡೋ ತನಕ ಈ ಅಡುಗೆಮನೆ ನಂದು!"

ಓಬಮ್ಮನಿಗೆ ಕೈ ನೋವಿಗಿಂತ ಈ ಮಾತಿನಿಂದಲೇ ಹೆಚ್ಚು ನೋವಾಯಿತು. ಮಾರಕ್ಕ ಹೋದ ಮೇಲೆ ಮಗನನ್ನು ಹಿಡಿದುಕೊಂಡಳು. "ಅಳೋರ ಮೇಲೆ ನೀರು ಸುರೀತಾರೇನೋ? ಅತ್ತು ಕೂಗಾಡೋರ ಹತ್ರ ಕೂತು, 'ಆಯ್ತು ಬಿಡಿ, ಎಲ್ಲಾ ಸರಿಹೋಗ್ತದೆ' ಅಂತ ಸಮಾಧಾನ ಮಾಡಬೇಕು!"

"ಹೂಂ ಕಣವ್ವ. ಕೂಗಾಡಿದ್ರೆ ಸಮಾಧಾನ."

ಮರುದಿನ ಅಕ್ಕಿ, ಹೆಸರುಬೇಳೆ ಎರಡನ್ನೂ ತಿಪ್ಪೇಶನೇ ತೊಳೆದು ಕುಕ್ಕರಿಗೆ ಹಾಕಿದ. "ಕುಕ್ಕರ್ ಕೂಗುತ್ತೆ, ನೋಡ್ಕೋ" ಅಂತ ಹೇಳಿ ಓಬಮ್ಮ ಪಕ್ಕದ ಮನೆಗೆ ಹುಣಸೆಹಣ್ಣು ತರಲು ಹೋದಳು. ಕುಕ್ಕರ್ ಕೂಗಿತು. ತಿಪ್ಪೇಶನ ಕರುಳು ಚುರಕ್ ಅಂತು. ಒಲೆ ಎದುರು ಮಣೆ ಹಾಕಿಕೊಂಡು ಕೂತ.

"ಆಯ್ತು ಬಿಡಿ. ಎಲ್ಲಾ ಸರಿಹೋಗ್ತದೆ."

ಕುಕ್ಕರ್ ಇನ್ನೂ ಜೋರಾಗಿ ಕೂಗಿತು.

"ಅಳಬೇಡಿ. ಅವ್ವ ಈಗ ಬರ್ತಾಳೆ."

ಅವ್ವ ಬರುವಷ್ಟರಲ್ಲಿ ಬೀದಿಯೆಲ್ಲಾ ಸೀದ ವಾಸನೆ.

"ಎಷ್ಟು ಹೇಳಿದ್ರೂ ಸಮಾಧಾನ ಆಗ್ಲಿಲ್ಲ ಕಣವ್ವ" ಅಂದ ತಿಪ್ಪೇಶ ಬೇಸರದಿಂದ.

"ನನ್ನ ಕರ್ಮ! ಮೂರು ಸಲ ಕೂಗಿದ ತಕ್ಷಣ ಒಲೆ ಆರಿಸಬೇಕು ಕಣೋ!"

"ಹೂಂ ಕಣವ್ವ. ಮೂರು ಕೂಗಿಗೆ ಒಲೆ ಆರಿಸ್ಬೇಕು."

ಸೀಯದೆ ಉಳಿದ ಮೇಲಿನದನ್ನು ಬಗೆದು ತೆಗೆದು, ಹುಣಸೆರಸ, ಮೆಣಸಿನಪುಡಿ ಹಾಕಿ ಕಲಸಿದರು. ಪಾಲಯ್ಯ ಅದನ್ನೂ ಉಂಡ. ಹೊಗೆ ವಾಸನೆ ಚೆನ್ನಾಗಿದೆ ಅಂತ ಬೇರೆ ಅಂದ.

ಶನಿವಾರ ಸಂಜೆ ಅಲಸಂದೆ ಕಾಳು ಬೇಯಲು ಇಟ್ಟಿತ್ತು. ಓಬಮ್ಮ ಹಿತ್ತಲಲ್ಲಿದ್ದಳು. ಬೀದಿಯಲ್ಲಿ ಸೊಪ್ಪು ಮಾರುವವಳು ಬಂದಳು. "ಸೊಪ್ಪೋ! ಸೊಪ್ಪೋ! ದಂಟಿನ ಸೊಪ್ಪೋ!"

ಒಂದು, ಎರಡು, ಮೂರು. ತಿಪ್ಪೇಶ ಒಲೆ ಆರಿಸಿ ಕೈ ಕಟ್ಟಿ ನಿಂತ.

ರಾತ್ರಿ ಪಾಲಯ್ಯ ಮುದ್ದೆ ಜೊತೆ ಕಾಳು ಬಾಯಿಗಿಟ್ಟ. ಕಟಕ್!

"ಓಬಮ್ಮ, ಇದು ಕಾಳೋ ಕಲ್ಲೋ?"

"ಸೊಪ್ಪಿನವಳು ಮೂರು ಸಲ ಕೂಗಿದ್ಲು ಕಣವ್ವ, ಒಲೆ ಆರಿಸ್ದೆ" ಅಂದ ತಿಪ್ಪೇಶ.

"ಲೇ ತಿಪ್ಪೇಶ! ಯಾರು ಕೂಗಿದ್ರೂ ಒಲೆ ಆರಿಸ್ತಾರೇನೋ? ಬೀದೀಲಿ ಯಾರಾದ್ರೂ ಕೂಗಿದ್ರೆ ಬಾಗಿಲು ತೆಗೆದು, 'ಬನ್ನಿ, ಕೂತ್ಕೊಳ್ಳಿ, ಊಟ ಮಾಡಿ' ಅನ್ನಬೇಕು. ನಾಳೆ ನಿಮ್ಮತ್ತೆ ಬರ್ತಾಳೆ, ನೆನಪಿರಲಿ!"

"ಹೂಂ ಕಣವ್ವ. ಬೀದೀಲಿ ಕೂಗಿದ್ರೆ ಕರೆದು ಊಟ."

ಭಾನುವಾರ ಬಂತು. ಓಬಮ್ಮ ಅವತ್ತು ಉಕ್ಕೋದೂ ಬೇಡ, ಕೂಗೋದೂ ಬೇಡ ಅಂತ ರಾಗಿ ರೊಟ್ಟಿ ಮಾಡಲು ನಿಂತಳು. ರಾಗಿ ಹಿಟ್ಟಿಗೆ ಈರುಳ್ಳಿ, ನುಗ್ಗೆಸೊಪ್ಪು ಹಾಕಿ ತಿಪ್ಪೇಶ ಕಲಸಿದ. ಬಾಳೆ ಎಲೆ ಮೇಲೆ ಇಟ್ಟು ತಟ್ಟಿದ.

"ದುಂಡಗೆ ಬರ್ತಿಲ್ಲ ಕಣವ್ವ!"

"ದುಂಡಗೇ ಇರಬೇಕು ಅಂತ ಯಾರು ಹೇಳಿದ್ರು? ನಿಂಗೆ ಬಂದಂಗೆ ತಟ್ಟು."

ಬಂದಂಗೆ ತಟ್ಟಿದ. ಒಂದು ಮೀನು, ಒಂದು ಬೆಕ್ಕು, ಒಂದು ಎತ್ತಿನ ಗಾಡಿ, ಒಂದು ಆನೆ, ಹೀಗೆ ಬುಟ್ಟಿ ತುಂಬೋವಷ್ಟು. ಓಬಮ್ಮ ಎಡಗೈಯಲ್ಲೇ ಕಾವಲಿ ಮೇಲೆ ತಿರುವಿ ಹಾಕಿದಳು. ಹದವಾಗಿ ಬೆಂದವು, ಘಂ ಅಂದವು. ಓಬಮ್ಮನಿಗೆ ನಂಬೋಕೇ ಆಗಲಿಲ್ಲ. ಮಗನ ತಲೆ ಸವರಿ, ಕಾವಲಿ ಇಳಿಸಿ, ಪಕ್ಕದ ಮನೆಯಿಂದ ತುಪ್ಪ ತರುತ್ತೀನಿ ಅಂತ ಹೋದಳು.

ಅವಳು ಅತ್ತ ಹೋದಳು, ಇತ್ತ ಬೀದಿಯಲ್ಲಿ "ಹೂವಾ! ಮಲ್ಲಿಗೆ ಹೂವಾ!"

ತಿಪ್ಪೇಶ ಬಾಗಿಲು ತೆಗೆದ. "ಬನ್ನಿ, ಕೂತ್ಕೊಳ್ಳಿ, ಊಟ ಮಾಡಿ."

ಹೂವಿನವಳು ಕಣ್ಣರಳಿಸಿ ಬಂದು ಕೂತಳು. ಅವಳ ಹಿಂದೆ ಚಾಕು ಸಾಣೆ ಹಿಡಿಯುವವನು ಕೂಗಿದ. ಅವನೂ ಬಂದ. ಹಳೇ ಪೇಪರಿನವನು ಕೂಗಿದ. ಅವನು ತಕ್ಕಡಿ ಹೊರಗಿಟ್ಟು ಬಂದ. ಮೀನು ಹೋಯಿತು, ಬೆಕ್ಕು ಹೋಯಿತು, ಗಾಡಿ ಚಕ್ರದ ಸಮೇತ ಹೋಯಿತು.

ತುಪ್ಪದ ಗಿಂಡಿ ಹಿಡಿದು ಬಂದ ಓಬಮ್ಮ ಹೊಸಿಲಲ್ಲೇ ನಿಂತುಬಿಟ್ಟಳು.

"ಬಹಳ ಚೆನ್ನಾಗಿತ್ತು ಕಣಮ್ಮ! ಇಂಥಾ ರೊಟ್ಟಿ ತಿಂದು ಎಷ್ಟು ಕಾಲ ಆಗಿತ್ತೋ!" ಅಂತ ಹೂವಿನವಳು ಕೈ ತೊಳೆದು, ಒಂದು ಮೊಳ ಹೂವು ಇಟ್ಟು ಹೋದಳು. ಉಳಿದವರೂ ಕೈ ಮುಗಿದು ಹೋದರು. ಬುಟ್ಟಿಯಲ್ಲಿ ಉಳಿದದ್ದು ನಾಲ್ಕೇ ರೊಟ್ಟಿ.

"ಸಿಕ್ಕಸಿಕ್ಕೋರಿಗೆಲ್ಲಾ ಬೇಕಾದಷ್ಟು ಹಾಕಿದ್ಯಾ? ಇರೋದು ನಾಲ್ಕು, ನಾವೂ ನಾಲ್ಕು ಜನ! ತಲೆಗೊಂದು ಹಾಕು, ಗೊತ್ತಾಯ್ತಾ? ತಲೆಗೊಂದೇ!"

"ಹೂಂ ಕಣವ್ವ. ತಲೆಗೊಂದು."

ಅಷ್ಟರಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿದ್ದ ಪಾಲಯ್ಯ ಅಕ್ಕನನ್ನು ಕರೆದುಕೊಂಡು ಬಂದ. ಮಾರಕ್ಕ ಗಂಟು ಮೂಲೆಯಲ್ಲಿಟ್ಟು, ಕಾಲು ತೊಳೆದು, ತಟ್ಟೆ ಮುಂದೆ ಬಿಗಿಯಾಗಿ ಕೂತಳು. ಓಬಮ್ಮ ಒಳಗೆ ಚಟ್ನಿ ಬಟ್ಟಲಿಗೆ ಹಾಕುತ್ತಿದ್ದಳು. ಪಾಲಯ್ಯ ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದ.

ತಿಪ್ಪೇಶ ಬುಟ್ಟಿ ತಂದ. ಇರುವುದರಲ್ಲಿ ದೊಡ್ಡದು, ಚೆಂದದ್ದು ಯಾವುದು ಅಂತ ಹುಡುಕಿದ. ಆನೆ ಸಿಕ್ಕಿತು. ಆನೆಯನ್ನು ಎರಡೂ ಕೈಯಲ್ಲಿ ಎತ್ತಿ, ನೆಟ್ಟಗೆ ನೋಡಿ, ಅತ್ತೆಯ ತಲೆ ಮೇಲೆ ಹಾಕಿದ. ಎರಡು ಕಿವಿ ಎರಡು ಕಡೆ ಇಳಿಬಿದ್ದವು. ಸೊಂಡಿಲು ಮೂಗಿನ ಮೇಲೆ ಬಂತು.

ಮಾರಕ್ಕ ಸೊಂಡಿಲನ್ನು ಪಕ್ಕಕ್ಕೆ ಸರಿಸಿ ತಿಪ್ಪೇಶನನ್ನು ದುರುಗುಟ್ಟಿ ನೋಡಿದಳು.

ಒಳಗಿಂದ ಓಬಮ್ಮ ಕೂಗಿದಳು, "ರೊಟ್ಟಿ ಹಾಕಿದ್ಯೇನೋ?"

"ಹಾಕಿದೆ ಕಣವ್ವ!"

"ಹಂಗಾದ್ರೆ ರೊಟ್ಟಿ ಮೇಲೆ ತುಪ್ಪ ಹಾಕು! ಜಿಪುಣತನ ಮಾಡಬೇಡ, ಧಾರಾಳವಾಗಿ ಹಾಕು!"

ಧಾರಾಳವಾಗಿ ಹಾಕಿದ.

ತುಪ್ಪ ಕೆನ್ನೆ ಮೇಲೆ ಇಳಿದು, ಗಲ್ಲದಿಂದ ತಟ್ಟೆಗೆ ತೊಟ್ಟಿಕ್ಕಿತು. ಮಾರಕ್ಕ ನಿಧಾನಕ್ಕೆ ರೊಟ್ಟಿ ಕೆಳಗಿಳಿಸಿದಳು. ಸೊಂಡಿಲು ಮುರಿದು ಬಾಯಿಗಿಟ್ಟಳು. ಅಗಿದಳು, ನುಂಗಿದಳು.

"ಉಪ್ಪು ಸರಿಯಾಗಿದೆ. ಉಣ್ಣೋ ಹಂಗೇ ಇದೆ, ಒಪ್ಕೊಂಡೆ" ಅಂದಳು. "ಆದ್ರೆ ಇನ್ನೊಂದು ದಿನ ಇಲ್ಲಿದ್ರೆ ನನ್ನ ತಲೆ ಉಳಿಯಲ್ಲ!" ಅಂತ ಎದ್ದು ಗಂಟು ಎತ್ತಿಕೊಂಡು, ಬಂದ ದಾರಿ ಹಿಡಿದಳು.

ಚಟ್ನಿ ಬಟ್ಟಲು ಹಿಡಿದು ಬಂದ ಓಬಮ್ಮ ನೋಡಿದರೆ, ತಿಪ್ಪೇಶ ಒಂದು ಕೈಲಿ ಸೊಂಡಿಲಿಲ್ಲದ ಆನೆ, ಇನ್ನೊಂದು ಕೈಲಿ ತುಪ್ಪದ ಗಿಂಡಿ ಹಿಡಿದು ಬೀದಿಯಲ್ಲಿ ಓಡುತ್ತಿದ್ದ.

"ಅತ್ತೆ! ನಿಂತ್ಕೊಳ್ಳಿ ಅತ್ತೆ! ಎಡಗಡೆ ಕಿವಿಗೆ ತುಪ್ಪ ಬೀಳಲಿಲ್ಲ!"